ಅತ್ತೆಯ ಪುಸ್ತಕ, ಮಗನ ಕಪ್ಪು ಪರದೆ

ಕಂಪ್ಯೂಟರ್ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೋ ನಾನು ಕಾಣೆ. ನನಗಂತೂ ನೆನಪಾಗುವುದು ನಮ್ಮತ್ತೆ ಮಾಡುತ್ತಿದ್ದ ಪತ್ರೊಡೆ. ನಗಬೇಡಿ, ಪೂರ್ತಿ ಕೇಳಿದ ಮೇಲೆ ನೀವೂ ಹೌದು ಎನ್ನುತ್ತೀರಿ.

ನಮ್ಮದು ಕಳಸದ ಹತ್ತಿರದ ಒಂದು ಒಂಟಿಮನೆ. ಆರು ಎಕರೆ ಕಾಫಿ, ಒಂದಿಷ್ಟು ಅಡಿಕೆ, ಮರಕ್ಕೆ ಹಬ್ಬಿದ ಮೆಣಸು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಹತ್ತೊಂಬತ್ತಕ್ಕೆ ಮದುವೆಯಾಗಿ 1997ರಲ್ಲಿ ಈ ಮನೆಗೆ ಬಂದೆ. ಅಡುಗೆ ಬರುತ್ತದೆ ಎಂದುಕೊಂಡೇ ಬಂದಿದ್ದೆ. ಬಂದ ಮೇಲೆ ಗೊತ್ತಾಯಿತು, ನನಗೆ ಬರುತ್ತಿದ್ದುದು ಅನ್ನ, ಸಾರು ಮಾತ್ರ. ಅಡುಗೆ ಎನ್ನುವುದು ನಮ್ಮತ್ತೆಗೆ ಬರುತ್ತಿತ್ತು.

ಅತ್ತೆಯವರ ಹತ್ತಿರ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಅದರಲ್ಲಿ ಶಾಯಿ ಪೆನ್ನಿನಿಂದ ಬರೆದಿಟ್ಟ ಅಡುಗೆಗಳು. ಕಳಲೆ ಎಷ್ಟು ದಿನ ನೀರಲ್ಲಿ ಹಾಕಬೇಕು, ಅಪ್ಪೆಮಿಡಿಗೆ ಉಪ್ಪು ಎಷ್ಟು, ಹಲಸಿನ ಹಣ್ಣಿನ ಕಡುಬಿಗೆ ಅಕ್ಕಿ ಎಷ್ಟು, ಬಾಣಂತಿಗೆ ಏನು ಲೇಹ್ಯ, ಮಗುವಿಗೆ ಶೀತವಾದರೆ ಏನು ಕಷಾಯ. ಅಳತೆಯೆಲ್ಲ ಪಾವು, ಚಟಾಕು. ಕೆಲವು ಕಡೆ 'ನಿಂಬೆ ಗಾತ್ರದ ಹುಣಿಸೆ', 'ಅಡಿಕೆ ಗಾತ್ರದ ಬೆಲ್ಲ'. ಅತ್ತೆ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಅಕ್ಷರ ಮುತ್ತಿನಂಥದ್ದು.

2003ರಲ್ಲಿ ನಾದಿನಿಯ ಮದುವೆ ನಿಶ್ಚಯವಾಯಿತು. "ಚಿನ್ನ ಎಲ್ಲರೂ ಕೊಡ್ತಾರೆ, ನಾನು ಅವಳಿಗೆ ನನ್ನ ಪುಸ್ತಕ ಕೊಡ್ತೀನಿ" ಎಂದರು ಅತ್ತೆ. ಕೊಟ್ಟರೆ ನಮಗೆ ಇಲ್ಲ, ಕೊಡದಿದ್ದರೆ ಅವಳಿಗೆ ಇಲ್ಲ. ಕೊನೆಗೆ ನಮ್ಮನೆಯವರು ಅದನ್ನು ಮೂಡಿಗೆರೆಯ ಒಂದು ಡಿಟಿಪಿ ಅಂಗಡಿಗೆ ಕೊಟ್ಟು ಟೈಪ್ ಮಾಡಿಸಿದರು. ಎರಡು ಪ್ರತಿ ತೆಗೆಸಿ ರಟ್ಟು ಹಾಕಿಸಿದ್ದಾಯಿತು. ಜೊತೆಗೆ ಅಂಗಡಿಯ ಹುಡುಗಿ ಒಂದು ಸಿ.ಡಿ.ಯನ್ನೂ ಕೊಟ್ಟು, "ಎಲ್ಲ ಇದರಲ್ಲೂ ಇದೆ, ಯಾವಾಗ ಬೇಕಾದರೂ ಮತ್ತೆ ತೆಗೀಬಹುದು" ಎಂದಿದ್ದಳು. ಅತ್ತೆ ಆ ಸಿ.ಡಿ.ಯನ್ನು ಆಚೆ ಈಚೆ ತಿರುಗಿಸಿ ನೋಡಿದರು. "ಇದರಲ್ಲಿ ನನ್ನ ಮುಖ ಬಿಟ್ಟರೆ ಇನ್ನೆಂತದೂ ಕಾಣೋದಿಲ್ಲ ಕಣೇ" ಎಂದು ಬೀರುವಿನಲ್ಲಿ ರೇಷ್ಮೆ ಸೀರೆಯ ಅಡಿಯಲ್ಲಿ ಇಟ್ಟುಬಿಟ್ಟರು.

2011ರಲ್ಲಿ ಅತ್ತೆ ತೀರಿಕೊಂಡರು. ನಾದಿನಿಯ ಪ್ರತಿಯನ್ನು ಒರಲೆ ತಿಂದಿತು. ನಮ್ಮ ಪ್ರತಿಯನ್ನು ಯಾರೋ ನೆಂಟರು ಓದಿ ಕೊಡುತ್ತೇನೆಂದು ಒಯ್ದವರು ಓದುತ್ತಲೇ ಇದ್ದಾರೆ. ಆದರೇನು, ಮೂಲ ಪುಸ್ತಕ ಇದೆಯಲ್ಲ ಎಂದು ನಾನು ನಿಶ್ಚಿಂತೆಯಲ್ಲಿದ್ದೆ.

2019ರ ಆಗಸ್ಟ್ ತಿಂಗಳ ಮಳೆಯನ್ನು ನಮ್ಮ ಕಡೆಯವರು ಯಾರೂ ಮರೆಯುವಂತಿಲ್ಲ. ಮೂಡಿಗೆರೆ ತಾಲೂಕಿನಲ್ಲಿ ಗುಡ್ಡಗಳೇ ಜರಿದು ಮನೆ, ತೋಟ ಕೊಚ್ಚಿಕೊಂಡು ಹೋದವು. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ಕಳಸಕ್ಕೂ ಹೊರನಾಡಿಗೂ ಸಂಪರ್ಕ ತಪ್ಪಿತು. ಅಂಥವರ ಕಷ್ಟದ ಮುಂದೆ ನಮ್ಮದು ಏನೂ ಅಲ್ಲ. ನಮ್ಮ ಅಡುಗೆಮನೆಯ ಮಾಡು ಒಂದು ಮೂಲೆಯಲ್ಲಿ ಕುಸಿಯಿತು, ಅಷ್ಟೇ. ಆದರೆ ಆ ಮೂಲೆಯ ಗೂಡಿನಲ್ಲೇ ಅತ್ತೆಯ ಪುಸ್ತಕವಿತ್ತು. ಎರಡು ದಿನದ ಮೇಲೆ ತೆಗೆದು ನೋಡಿದರೆ ಹಾಳೆಗಳು ಅಂಟಿಕೊಂಡು ಮುದ್ದೆಯಾಗಿದ್ದವು. ಶಾಯಿ ಪೂರ್ತಿ ಕರಗಿ ನೀಲಿ ನೀರಾಗಿತ್ತು. ಅತ್ತೆ ಇನ್ನೊಂದು ಸಲ ತೀರಿಕೊಂಡಂತಾಯಿತು ನನಗೆ.

ಇಷ್ಟಾದ ಮೇಲೆ ಏಳೆಂಟು ತಿಂಗಳಿಗೆ, 2020ರ ಮಾರ್ಚ್‌ನಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ನಮ್ಮ ಪುಟ್ಟ ಮನೆಗೆ ಬಂದ. ಕೊರೋನಾದ ಕಾಲ. ನಾಲ್ಕು ದಿನಕ್ಕೆಂದು ಬಂದವನು ಹದಿನೈದು ತಿಂಗಳು ಇದ್ದ. ಅವನದು ಪ್ರೋಗ್ರಾಮರ್ ಕೆಲಸ. ಏನು ಕೆಲಸ ಎಂದು ನೆಂಟರು ಕೇಳಿದರೆ "ಕಂಪ್ಯೂಟರಿನದು" ಎನ್ನುವುದಷ್ಟೇ ನನಗೆ ಗೊತ್ತಿದ್ದ ಉತ್ತರ. ಮನೆಯೊಳಗೆ ಸಿಗ್ನಲ್ ಇಲ್ಲ. ತೋಟದ ಮೇಲಿನ ದಿಣ್ಣೆಯಲ್ಲಿ ಒಂದು ಗೋಣಿಮರದ ಬುಡದಲ್ಲಿ ಮಾತ್ರ ಬರುತ್ತಿತ್ತು. ಪ್ಲಾಸ್ಟಿಕ್ ಕುರ್ಚಿ, ದೊಡ್ಡ ಕೊಡೆ, ಕಾಲಿಗೆ ಸುಣ್ಣ ತಂಬಾಕು ಬಳಿದುಕೊಂಡು ಇಂಬಳದ ಕಾಟ ತಪ್ಪಿಸಿಕೊಂಡು ಅಲ್ಲಿ ಕೂತು ಕೆಲಸ. ನಾನು ಹತ್ತು ಗಂಟೆಗೆ ಕಾಫಿ ಒಯ್ದು ಕೊಡುವಾಗ ಅವನ ಪರದೆ ನೋಡುತ್ತಿದ್ದೆ.

ನೋಡಿದರೆ ಏನಿದೆ? ಬರೀ ಕಪ್ಪು. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಎನ್ನುವ ಇಲಿಯೂ ಇಲ್ಲ. ಕಪ್ಪು ಪರದೆಯ ಮೇಲೆ ಸಾಲು ಸಾಲು ಇಂಗ್ಲಿಷ್ ಅಕ್ಷರ.

"ಎಂತದೋ ಇದು, ಕೆಟ್ಟುಹೋಗಿದೆಯಾ?" ಎಂದೆ.

"ಕೆಟ್ಟಿಲ್ಲಮ್ಮ, ಇದು ಎಡಿಟರ್."

ನಮ್ಮ ಪತ್ರಿಕೆಯ ಸಂಪಾದಕರು ಕೋಪಿಸಿಕೊಳ್ಳಬಾರದು, ಎಡಿಟರ್ ಎಂದರೆ ನನಗೂ ಮೊದಲು ನೆನಪಾದವರು ಅವರೇ. ಆದರೆ ಪ್ರೋಗ್ರಾಮರುಗಳ ಭಾಷೆಯಲ್ಲಿ ಎಡಿಟರ್ ಎಂದರೆ ಬರೆಯುವ, ತಿದ್ದುವ ಸಲಕರಣೆ. ನಮಗೆ ಈಳಿಗೆ ಮಣೆ ಹೇಗೋ ಅವರಿಗೆ ಅದು ಹಾಗೆ. ದಿನವಿಡೀ ಅದರ ಮುಂದೆಯೇ ಕೂರಬೇಕು. ಪುಟ್ಟನ ಎಡಿಟರಿನ ಹೆಸರು 'ವಿಮ್'. ಪಾತ್ರೆ ತೊಳೆಯುವ ಸಾಬೂನಲ್ಲ! 1976ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿ ಬರೆದ 'ವಿಐ' ಎಂಬ ಎಡಿಟರನ್ನು ಬೆಳೆಸಿ, ಹಾಲೆಂಡಿನ ಬ್ರಾಮ್ ಮೂಲೆನಾರ್ ಎಂಬಾತ 1991ರಲ್ಲಿ ಇದನ್ನು ಲೋಕಕ್ಕೆ ಕೊಟ್ಟನಂತೆ. ಕೊಟ್ಟದ್ದು ಪುಕ್ಕಟೆ. ಒಂದೇ ಕೋರಿಕೆ: ಉಪಯೋಗ ಕಂಡವರು ಉಗಾಂಡ ದೇಶದ ಕಿಬಾಲೆ ಎಂಬಲ್ಲಿನ ಬಡ ಮಕ್ಕಳಿಗೆ ಕೈಲಾದಷ್ಟು ಸಹಾಯ ಮಾಡಬೇಕು. ಆ ಮಾತು ಇವತ್ತಿಗೂ ವಿಮ್ ತೆರೆದ ಕೂಡಲೇ ಮೊದಲ ಪರದೆಯಲ್ಲೇ ಕಾಣುತ್ತದೆ. ಆತ 2023ರ ಆಗಸ್ಟ್‌ನಲ್ಲಿ ತೀರಿಕೊಂಡ. ಆ ದಿನ ಪುಟ್ಟ ಬೆಂಗಳೂರಿನಿಂದ ಫೋನ್ ಮಾಡಿ ಹೇಳಿದಾಗ, ಕಂಡು ಕೇಳರಿಯದ ಆ ಮನುಷ್ಯನಿಗಾಗಿ ನಾನೂ ಒಂದು ಗಳಿಗೆ ಸುಮ್ಮನೆ ಕುಳಿತೆ.

ಈ ವಿಮ್‌ನ ರೀತಿಯೇ ಬೇರೆ. ಒಂದು ಸ್ಥಿತಿಯಲ್ಲಿ ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ. ಇನ್ನೊಂದು ಸ್ಥಿತಿಯಲ್ಲಿ ಅದೇ ಕೀಲಿ ಒತ್ತಿದರೆ ಅಕ್ಷರವಿಲ್ಲ, ಅದು ಆಜ್ಞೆ! 'ಡಿ' ಎರಡು ಸಲ ಒತ್ತಿದರೆ ಸಾಲಿಗೆ ಸಾಲೇ ಮಾಯ. 'ಯು' ಒತ್ತಿದರೆ ಹೋದದ್ದು ವಾಪಸ್. ಪುಟ್ಟ ಎಷ್ಟು ಬಿಡಿಸಿ ಹೇಳಿದರೂ ನನಗೆ ಹತ್ತಲಿಲ್ಲ. ಆಮೇಲೆ ಹೊಳೆಯಿತು. ನಮ್ಮತ್ತೆ ಮಡಿಯಲ್ಲಿದ್ದಾಗ ಇದ್ದ ಹಾಗೆ ಇದು! ಮಡಿ ಉಟ್ಟಾಗ ಅವರು ಏನನ್ನೂ ಮುಟ್ಟುತ್ತಿರಲಿಲ್ಲ, ಕೈಸನ್ನೆಯಲ್ಲೇ ಆಜ್ಞೆ. ಮಡಿ ಬಿಚ್ಚಿದ ಮೇಲೆ ನಮ್ಮ ಜೊತೆ ಸೇರಿ ಕೆಲಸ. ಹಾಗೆಂದದ್ದಕ್ಕೆ ಪುಟ್ಟ ಕುರ್ಚಿಯಿಂದ ಬೀಳುವಷ್ಟು ನಕ್ಕ. "ಅಮ್ಮ, ಇಷ್ಟು ಸರಿಯಾಗಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದ. ವಿಮ್‌ನವರಿಗೂ 'ಈಮ್ಯಾಕ್ಸ್' ಎಂಬ ಇನ್ನೊಂದು ಎಡಿಟರಿನವರಿಗೂ ಯಾವುದು ಮೇಲು ಎಂದು ಹತ್ತಾರು ವರ್ಷಗಳಿಂದ ಜಗಳವಂತೆ. ಸಾರಿಗೆ ಕಾಯಿ ಹಾಕುವ ಮನೆಗೂ ಹಾಕದ ಮನೆಗೂ ಬೀಗತನವಾದರೆ ನಡೆಯುತ್ತದಲ್ಲ, ಅಂಥ ಜಗಳ.

ಒಂದು ಗುಣ ಮಾತ್ರ ನನಗೆ ಬಹಳ ಹಿಡಿಸಿತು. ಜೂನ್ ಮಳೆಗೆ ಮೂರು ದಿನ ಕರೆಂಟಿರಲಿಲ್ಲ. ಪುಟ್ಟನ ಲ್ಯಾಪ್‌ಟಾಪ್ ಬರೆಯುತ್ತಿದ್ದ ಹಾಗೆಯೇ ಆರಿಹೋಯಿತು. ಅಯ್ಯೋ, ಮಾಡಿದ್ದೆಲ್ಲ ಹೋಯಿತಲ್ಲ ಎಂದು ನಾನು ಪೇಚಾಡಿದರೆ ಅವನು ಆರಾಮಾಗಿದ್ದ. ವಿಮ್ ತಾನೇ ಗುಟ್ಟಾಗಿ ಪಕ್ಕದಲ್ಲಿ ಒಂದು ಮರಿ ಕಡತ ಬರೆದಿಡುತ್ತಾ ಇರುತ್ತದೆ. ಕರೆಂಟು ಬಂದ ಮೇಲೆ ಅದರಿಂದ ಹೆಚ್ಚುಕಡಿಮೆ ಎಲ್ಲವೂ ವಾಪಸ್ ಬಂತು. ಅತ್ತೆಯ ಪುಸ್ತಕಕ್ಕೂ ಹೀಗೊಂದು ಮರಿ ಇದ್ದಿದ್ದರೆ ಎಂದು ಮನಸ್ಸು ಹಳಹಳಿಸಿತು. ಬೀರುವಿನಲ್ಲಿ ಸೀರೆಯಡಿ ಇದ್ದ ಸಿ.ಡಿ. ಆಗ ನೆನಪಿಗೇ ಬರಲಿಲ್ಲ ನೋಡಿ.

ಎಡಿಟರಿನ ವಿಷಯದಲ್ಲಿ ಇಷ್ಟು ಜಾಣನಾದ ಮಗ ತನ್ನ ದಿನಚರಿಯ ವಿಷಯದಲ್ಲಿ ಮಾತ್ರ ಹೀಗಿರಲಿಲ್ಲ. ಇದನ್ನು ತಾಯಂದಿರಾದ ನಿಮ್ಮಲ್ಲಿ ಬಿಚ್ಚಿ ಹೇಳುತ್ತೇನೆ. ಅವನ ಮೊಬೈಲಿನಲ್ಲಿ ಕೆಲಸದ ಪಟ್ಟಿ ಬರೆಯಲು ಒಂದು ಆ್ಯಪ್, ಟಿಪ್ಪಣಿಗೆ ಇನ್ನೊಂದು, ನೆನಪಿಸಲು ಮತ್ತೊಂದು. ತಿಂಗಳಿಗೊಂದು ಸಲ, "ಇದು ಸರಿಯಿಲ್ಲ, ಹೊಸದು ಬಂದಿದೆ" ಎಂದು ಎಲ್ಲವನ್ನೂ ಬದಲಾಯಿಸುತ್ತಿದ್ದ. ಗಡಿಯಾರದ ಆ್ಯಪ್ ಒಂದಿತ್ತು. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ವಿಶ್ರಾಂತಿ. ಆ ಪದ್ಧತಿಯ ಹೆಸರು ಪೊಮೊಡೊರೊ. ಹಾಗೆಂದರೆ ಇಟಲಿ ಭಾಷೆಯಲ್ಲಿ ಟೊಮೆಟೊ! 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ಹುಡುಗ ಓದು ತಲೆಗೆ ಹತ್ತದೆ, ಅಡುಗೆಮನೆಯಲ್ಲಿದ್ದ ಟೊಮೆಟೊ ಆಕಾರದ ಗಡಿಯಾರ ತಂದಿಟ್ಟುಕೊಂಡು ಓದಿದನಂತೆ. ಅದರಿಂದ ಈ ಹೆಸರು. ಕುಕ್ಕರ್ ಮೂರು ಸಲ ಕೂಗುವುದರೊಳಗೆ ಕಾಯಿ ತುರಿದು, ಒಗ್ಗರಣೆಗೆ ಹೆಚ್ಚಿ, ಬಟ್ಟೆ ಒಣಹಾಕಿ ಬರುವ ನಮಗೆ ಇದನ್ನು ಬೇರೆ ಯಾರಾದರೂ ಕಲಿಸಬೇಕೇ, ನೀವೇ ಹೇಳಿ!

ತಮಾಷೆ ಹಾಗಿರಲಿ. ಜುಲೈನ ಒಂದು ರಾತ್ರಿ ಹನ್ನೊಂದು ಗಂಟೆಗೆ ನೀರು ಕುಡಿಯಲು ಎದ್ದರೆ ಪುಟ್ಟ ಜಗುಲಿಯಲ್ಲಿ ಕತ್ತಲಲ್ಲಿ ಕೂತಿದ್ದ. ಕಣ್ಣು ಒದ್ದೆ.

"ನನ್ನ ಕೈಲಿ ಆಗಲ್ಲಮ್ಮ. ಈ ಕೆಲಸ ಬಿಡ್ತೀನಿ."

ಕೇಳಿದರೆ, ಅವನು ಒಪ್ಪಿಕೊಂಡಿದ್ದ ಒಂದು ಕೆಲಸ ಅವನಿಗೆ ಮರೆತೇಹೋಗಿತ್ತು. ಅವನನ್ನು ನಂಬಿಕೊಂಡು ಇನ್ನೂ ಮೂರು ಜನ ಕಾದಿದ್ದರು. ಮೇಲಿನವರು ಎಲ್ಲರೆದುರು ಬೈದರಂತೆ. ಬರೆದಿಟ್ಟಿರಲಿಲ್ಲವೇ ಎಂದರೆ, ಬರೆದಿಟ್ಟಿದ್ದ. ಎರಡು ತಿಂಗಳ ಹಿಂದೆ ಬಿಟ್ಟುಬಿಟ್ಟ ಆ್ಯಪಿನಲ್ಲಿ!

ನನಗೆ ಉಪದೇಶ ಮಾಡಲು ಬರುವುದಿಲ್ಲ. ಒಳಗೆ ಹೋಗಿ ನಮ್ಮನೆಯವರ ಡೈರಿ ತಂದು ಅವನ ಮುಂದಿಟ್ಟೆ. ಕಾಫಿ ಬೆಳೆಯುವ ಮನೆಗಳಲ್ಲಿ ಈ ಡೈರಿ ನಿಮಗೆ ಗೊತ್ತೇ ಇರುತ್ತದೆ. ದಿನಕ್ಕೆ ಒಂದೇ ಸಾಲು. ತಾರೀಕು, ಮಳೆ ಎಷ್ಟು ಇಂಚು ಎಷ್ಟು ಸೆಂಟು, ಆಳು ಎಷ್ಟು, ಎಲ್ಲಿ ಕೆಲಸ, ನಾಳೆ ಏನು. ನಮ್ಮ ಮಾವನವರು ಶುರುಮಾಡಿದ್ದನ್ನು ಇವರು ಮುಂದುವರಿಸಿದ್ದಾರೆ. ಡೈರಿ ವರ್ಷಕ್ಕೊಮ್ಮೆ ಬದಲಾಗುತ್ತದೆ, ಬರೆಯುವ ರೀತಿ ಬದಲಾಗಿಲ್ಲ. ಹೂಮಳೆ ಯಾವ ವರ್ಷ ಎಂದು ಬಂತು ಎಂದು ಕೇಳಿದರೆ ಐದು ನಿಮಿಷದಲ್ಲಿ ಹೇಳುತ್ತಾರೆ.

"ನಿಮ್ಮಪ್ಪನಿಗೆ ನಿನ್ನಷ್ಟು ಬುದ್ಧಿ ಇಲ್ಲ ಮಾರಾಯ. ಆದರೆ ಅವರು ಹುಡುಕೋದು ಒಂದೇ ಕಡೆ" ಎಂದೆ.

ಅವನು ಆ ಡೈರಿಯನ್ನು ತಿರುವುತ್ತಾ ಎಷ್ಟೋ ಹೊತ್ತು ಕೂತಿದ್ದ. ಮಾತಾಡಲಿಲ್ಲ.

ಆ ವಾರವೇ ಬಿಸಿಲು ಸ್ವಲ್ಪ ಕಂಡಿತೆಂದು ಬೀರು ಖಾಲಿ ಮಾಡಿ ಸೀರೆಗಳಿಗೆ ಗಾಳಿ ಆಡಿಸುತ್ತಿದ್ದೆ. ಸೀರೆಯ ಅಡಿಯಿಂದ ಸಿ.ಡಿ. ಠಣ್ ಎಂದು ನೆಲಕ್ಕೆ ಬಿತ್ತು! ನನ್ನ ಎದೆ ಧಸಕ್ಕೆಂದಿತು. ಪುಟ್ಟ ಓಡಿ ಬಂದ. ಅವನ ಲ್ಯಾಪ್‌ಟಾಪಿಗೆ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರ್ ಇಳಿಸಿ, ಧೂಳು ಕೊಡವಿ, ಮೂರು ಸಲ ಪ್ರಯತ್ನಿಸಿದ ಮೇಲೆ ಕಡತ ಸಿಕ್ಕಿತು. ನಾನು ದೇವರಿಗೆ ಕೈಮುಗಿದೆ. ಕಡತ ತೆರೆಯಿತು.

ತೆರೆದರೆ ಏನಿದೆ? ಒಂದಾದರೂ ಕನ್ನಡ ಅಕ್ಷರವಿಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಟೋಪಿ, ಚುಕ್ಕಿ, ಬಾಲ ಹಚ್ಚಿದಂಥ ವಿಕಾರ ಗುರುತುಗಳು ಪುಟಗಟ್ಟಲೆ. ನಡುನಡುವೆ 2, 4, 12 ಎಂಬ ಅಂಕಿಗಳು ಮಾತ್ರ ನೆಟ್ಟಗಿದ್ದವು. ಆ ಅಂಕಿಗಳನ್ನು ನೋಡಿಯೇ ನನಗೆ ಅಳು ಬಂತು. ಅಳತೆ ಇದೆ, ಯಾವುದರ ಅಳತೆ ಎಂದು ಗೊತ್ತಿಲ್ಲ.

"ಅಳಬೇಡಮ್ಮ, ಅಜ್ಜಿ ಒಳಗೇ ಇದಾರೆ" ಎಂದ ಪುಟ್ಟ. ಅವತ್ತು ಅವನು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ. ಹಿಂದೆ ಕನ್ನಡಕ್ಕೆ ಅವರವರು ಅವರವರದೇ ಸಂಖ್ಯೆ ಕೊಟ್ಟುಕೊಂಡಿದ್ದರು, ಅದೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ. ಅದೇ ಫಾಂಟು ಇದ್ದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತಿತ್ತು. ಇಲ್ಲದ ಕಡೆ ಹೀಗೆ ವಿಕಾರ. ನಾವು ಮನೆಯಲ್ಲಿ 'ಮೇಲಿನ ತೋಟ', 'ಹೊಳೆ ಅಂಚು' ಎಂದರೆ ನಮಗೆ ತಿಳಿಯುತ್ತದೆ, ತಾಲೂಕು ಕಚೇರಿಯಲ್ಲಿ ತಿಳಿದೀತೇ? ಅಲ್ಲಿ ಸರ್ವೆ ನಂಬರೇ ಬೇಕು. ಪ್ರಪಂಚದ ಭಾಷೆಗಳ ಅಕ್ಷರಗಳಿಗೆಲ್ಲ ಹಾಗೆ ಸರ್ವೆ ನಂಬರು ಕೊಟ್ಟದ್ದೇ ಯೂನಿಕೋಡ್. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೂ ಜಾಗವಿತ್ತು. ನಮ್ಮ 'ಕ' ಅಕ್ಷರದ ನಂಬರು 3221. ಯಾವ ದೇಶದ ಯಾವ ಕಂಪ್ಯೂಟರಿಗೆ ಹೋದರೂ ಅದೇ. ಆದರೆ ಅದು ನಮ್ಮ ಊರಿನ ಅಂಗಡಿಗಳವರೆಗೆ ಇಳಿದು ಬರಲು ಬಹಳ ವರ್ಷಗಳೇ ಹಿಡಿದವು. ಅಷ್ಟರೊಳಗೆ ಟೈಪಾದ ಎಷ್ಟು ಮನೆಗಳ ಪುಸ್ತಕಗಳು ಹೀಗೆ ಮೂಕವಾಗಿ ಕೂತಿವೆಯೋ!

ಕನ್ನಡವನ್ನು ಕಂಪ್ಯೂಟರಿಗೆ ತರಲು ಒದ್ದಾಡಿದವರಲ್ಲಿ ನಮ್ಮ ನೆರೆಹೊರೆಯವರೂ ಇದ್ದಾರೆ ಎಂಬುದು ನನಗೆ ಅವತ್ತೇ ತಿಳಿದದ್ದು. ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಬಳಕೆಯಾದದ್ದು ಅವರ ವಿನ್ಯಾಸವೇ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಇನ್ನು ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು! ಅವರನ್ನು ಮೀನು ಹಿಡಿಯುವ, ಹಕ್ಕಿಗಳ ಫೋಟೋ ತೆಗೆಯುವ ಸಾಹಿತಿ ಎಂದಷ್ಟೇ ನಾನು ತಿಳಿದಿದ್ದೆ. ಕಾಫಿ ತೋಟದ ನಡುವೆ ಕೂತು ಅವರು ಕಂಪ್ಯೂಟರಿನಲ್ಲಿ ಕನ್ನಡ ಸಲೀಸಾಗಿ ಓಡಾಡಬೇಕೆಂದು ಹಟ ಹಿಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಬಂದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ ಮನೆ 'ನಿರುತ್ತರ'ದಲ್ಲಿ ಅವರು ತೀರಿಕೊಂಡರು. ಇವತ್ತು ನಾವು ಮೊಬೈಲಿನಲ್ಲಿ ಕನ್ನಡದಲ್ಲಿ ಎರಡು ಸಾಲು ಕಳಿಸುತ್ತೇವಲ್ಲ, ಅದರ ಹಿಂದೆ ಇಂಥವರ ಎಷ್ಟು ವರ್ಷದ ಪಾಡಿದೆ ನೋಡಿ.

ಹಳೇ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪುಟ್ಟ ಅಂಥದ್ದೊಂದಕ್ಕೆ ನಮ್ಮ ಕಡತ ಹಾಕಿದ. ಕಣ್ಣೆದುರೇ ಕನ್ನಡ ಬಂತು! ಮೊದಲ ಸಾಲಿನಲ್ಲಿ 'ಶ್ರೀ'. ಆಮೇಲೆ 'ಕೆಸುವಿನ ಎಲೆ ಪತ್ರೊಡೆ'. ನಾನು ಪರದೆಯನ್ನು ಕೈಯಿಂದ ಮುಟ್ಟಿ ನೋಡಿದೆ.

ಆದರೆ ಅಲ್ಲಲ್ಲಿ ತಪ್ಪು. ಅರ್ಕಾವೊತ್ತು ಎಲ್ಲೆಂದರಲ್ಲಿ ಕೂತಿತ್ತು. 'ಅರ್ಧ' ಇರಬೇಕಾದ ಕಡೆ 'ಅಧರ್', 'ವರ್ಷ' ಇರಬೇಕಾದ ಕಡೆ 'ವಷರ್'. ಇಲ್ಲಿ ನೋಡಿ, ಆ ಕಪ್ಪು ಪರದೆಯ ಎಡಿಟರಿನ ಶಕ್ತಿ ಗೊತ್ತಾದದ್ದು. ಪುಟ್ಟ ಒಂದೇ ಸಾಲಿನ ಆಜ್ಞೆ ಬರೆದ. ನಾನು ಒಂದೊಂದಾಗಿ ತಿದ್ದಿದ್ದರೆ ವಾರ ಹಿಡಿಯುತ್ತಿದ್ದ ತಪ್ಪುಗಳೆಲ್ಲ ಕಣ್ಣು ಮಿಟುಕಿಸುವುದರಲ್ಲಿ ಸರಿಯಾದವು.

ಇನ್ನೊಂದು ತೊಡಕು ಉಳಿಯಿತು. ಕೆಲವು ಕಡೆ ಅತ್ತೆ ಅರ್ಧ ಎಂದು ಅಕ್ಷರದಲ್ಲಿ ಬರೆಯದೆ ಅರೆ, ಕಾಲು, ಮುಕ್ಕಾಲಿನ ಗುರುತು ಹಾಕಿದ್ದರು. ಆ ಗುರುತುಗಳು ಇದ್ದ ಕಡೆಯೆಲ್ಲ ಬರೀ ಚೌಕ. ಯಾವ ಚೌಕ ಕಾಲು, ಯಾವುದು ಅರ್ಧ? ಪತ್ರೊಡೆಗೆ 2 ಪಾವು ಅಕ್ಕಿ ಸರಿ, ಹುಣಿಸೆಹಣ್ಣು 'ಚೌಕ' ಚಟಾಕು! ಪುಟ್ಟ ಜಾಣತನ ಮಾಡಿ, "ಕಾಲು ಅಂತಲೇ ಇರುತ್ತೆ ಬಿಡು" ಎಂದು ಇನ್ನೊಂದು ಆಜ್ಞೆ ಕೊಟ್ಟ. ನಲವತ್ತೊಂದು ಚೌಕಗಳೂ ಒಂದೇ ಏಟಿಗೆ 'ಕಾಲು' ಆದವು. ಪುಸ್ತಕದಲ್ಲಿ ಇದ್ದ ಹಾಗೆಯೇ ಮಾಡೋಣವೆಂದು ಅವತ್ತು ನಾನು ಅಳೆದು ಸುರಿದು ಪತ್ರೊಡೆ ಮಾಡಿದೆ. ನಮ್ಮನೆಯವರು ಮೊದಲ ತುತ್ತು ತಿಂದವರು ಗಂಟಲು ಹಿಡಿದುಕೊಂಡು ಎದ್ದರು. ಕೆಸುವಿಗೆ ಹುಳಿ ಕಡಿಮೆಯಾದರೆ ತುರಿಕೆ ಬಿಡುತ್ತದೆಯೇ!

"ಅಜ್ಜಿ ತಪ್ಪು ಬರೆದಿದ್ದಾರಾ?" ಎಂದ ಪುಟ್ಟ.

"ಅಜ್ಜಿ ತಪ್ಪು ಬರೀಲಿಲ್ಲ, ನೀನು ಬರೆದೆ" ಎಂದೆ ನಾನು.

ಅವನು ನಾಚಿಕೊಂಡು 'ಯು' ಒತ್ತಿದ. ಕಾಲುಗಳೆಲ್ಲ ಮತ್ತೆ ಚೌಕಗಳಾದವು. ಹಾಗಾದರೆ ಸರಿಯಾದ ಅಳತೆ ಯಾರಿಗೆ ಗೊತ್ತು? ಹದಿನಾಲ್ಕು ವರ್ಷ ಅತ್ತೆಯ ಪಕ್ಕದಲ್ಲಿ ನಿಂತವಳು ನಾನು. ಆದರೆ ಕೇಳಿದರೆ ನನಗೂ ಬಾಯಿಗೆ ಬರುವುದಿಲ್ಲ. ಕೈ ಹಾಕಿದರೆ ತೆಗೆಯುತ್ತದೆ, ಅಷ್ಟೇ. ಆಗ ಪುಟ್ಟನಿಗೇ ಉಪಾಯ ಹೊಳೆಯಿತು. ಮೆಣಸು ತೂಗುವ ಸಣ್ಣ ತಕ್ಕಡಿ ತಂದು ಅಡುಗೆಕಟ್ಟೆಯ ಮೇಲಿಟ್ಟ. "ಅಮ್ಮ, ನೀನು ಯೋಚನೆ ಮಾಡಬೇಡ. ಪತ್ರೊಡೆಗೆ ಹುಣಿಸೆಹಣ್ಣು ತಗೋ" ಎಂದ. ನಾನು ಡಬ್ಬಿಗೆ ಕೈ ಹಾಕಿ ತೆಗೆದು ತಕ್ಕಡಿಯಲ್ಲಿಟ್ಟೆ. 30 ಗ್ರಾಂ. ಒಂದು ಚಟಾಕು ಎಂದರೆ ಸುಮಾರು 58 ಗ್ರಾಂ. "ಅರ್ಧ!" ಎಂದು ಕೂಗಿದ.

ನಂಬುತ್ತೀರೋ ಇಲ್ಲವೋ, ನಲವತ್ತೊಂದು ಚೌಕಗಳನ್ನೂ ನಾವು ಹೀಗೆಯೇ ತುಂಬಿದೆವು. ದಿನಕ್ಕೊಂದು ಅಡುಗೆ. ನನ್ನ ಕೈಯಲ್ಲಿ ಬಂದದ್ದನ್ನು ಅವನು ತೂಗಿ ಬರೆಯುವುದು, ಊಟಕ್ಕೆ ಬಡಿಸಿ ನಮ್ಮನೆಯವರ ಮುಖ ನೋಡುವುದು. ದೀಪಾವಳಿ ಹೊತ್ತಿಗೆ ಪುಸ್ತಕ ಪೂರ್ತಿಯಾಯಿತು. ನಾದಿನಿಗೆ ಕಳಿಸಿದೆವು. ಅವಳು ಫೋನಿನಲ್ಲಿ ಮಾತಾಡಲಾರದೆ ಬಿಕ್ಕಿದಳು.

ಆ ಕೆಲಸದ ನಡುವೆ ಪುಟ್ಟನಲ್ಲಿ ಒಂದು ಬದಲಾವಣೆ ಕಂಡೆ. ಮೊಬೈಲಿನ ಆ್ಯಪುಗಳನ್ನೆಲ್ಲ ತೆಗೆದುಹಾಕಿದ್ದ. ಅವನ ಎಡಿಟರಿನಲ್ಲಿ ಒಂದೇ ಒಂದು ಸಾದಾ ಕಡತ. ಮೇಲೆ ತಾರೀಕು, ಕೆಳಗೆ ಅವತ್ತು ಮಾಡಬೇಕಾದ್ದು, ಮುಗಿದ ಮೇಲೆ ಪಕ್ಕಕ್ಕೆ ಒಂದು ಗುರುತು. ಅಪ್ಪನ ಡೈರಿಯ ಹಾಗೆಯೇ! "ಬಣ್ಣ ಇಲ್ಲ, ಫಾಂಟಿನ ಕಟ್ಟಿಲ್ಲ. ಬರೀ ಅಕ್ಷರ. ಇದನ್ನು ಇನ್ನು ಇಪ್ಪತ್ತು ವರ್ಷ ಬಿಟ್ಟು ಯಾವ ಕಂಪ್ಯೂಟರಿನಲ್ಲಿ ತೆಗೆದರೂ ಓದಬಹುದಮ್ಮ" ಎಂದ. ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ. ಈಗ ಬೆಂಗಳೂರಿನಲ್ಲಿದ್ದಾನೆ, ಅದೇ ಕಡತ ಇನ್ನೂ ನಡೆಯುತ್ತಿದೆ.

ನಾನೂ ಸುಮ್ಮನಿರಲಿಲ್ಲ. ಹಳೇ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತೆ. ಮೊದಲು ಮಗನ ವಿಮ್‌ನಲ್ಲೇ ಪ್ರಯತ್ನಿಸಿದೆ. ಕನ್ನಡಕ್ಕೆ ಬದಲಾಯಿಸಿಕೊಂಡರೆ ಅದಕ್ಕೆ ಆಜ್ಞೆ ತಿಳಿಯದು, ಇಂಗ್ಲಿಷಿಗೆ ಬಂದರೆ ನನಗೆ ಬರೆಯಲಾಗದು. ಎರಡು ದಿನಕ್ಕೆ ಕೈಮುಗಿದು ನೋಟ್‌ಪ್ಯಾಡ್ ಹಿಡಿದೆ. ಅದಕ್ಕೆ ಮಡಿ ಮೈಲಿಗೆ ಇಲ್ಲ! ಕೆ. ಪಿ. ರಾವ್ ಅವರ ಕೀಲಿಮಣೆ ಬಲು ಸುಲಭ. 'ಕೆ' ಒತ್ತಿದರೆ ಕ, 'ಎಂ' ಒತ್ತಿದರೆ ಮ. ಒತ್ತಕ್ಷರ ಬೇಕಾದರೆ ನಡುವೆ 'ಎಫ್'. 'ಅಕ್ಕ' ಬರೆಯಲು ಅ, ಕ, ಎಫ್, ಕ. ಹದಿನೈದು ದಿನ ದಿನಕ್ಕೆ ಅರ್ಧ ಗಂಟೆ ಕೂತರೆ ಯಾರಿಗಾದರೂ ಬರುತ್ತದೆ. ಈ ಲೇಖನವನ್ನೂ ನಾನೇ ಟೈಪ್ ಮಾಡಿದ್ದೇನೆ.

ಅನುಭವದಿಂದ ನಾಲ್ಕು ಮಾತು ಹೇಳಿದರೆ ಬೇಸರಿಸಬೇಡಿ. ನಿಮ್ಮ ಮನೆಯಲ್ಲೂ ಇಂಥ ಕೈಬರಹದ ಪುಸ್ತಕವಿದ್ದರೆ ಇವತ್ತೇ ಮೊಬೈಲಿನಲ್ಲಿ ಪುಟಪುಟದ ಫೋಟೋ ತೆಗೆದು ಬೇರೆ ಊರಲ್ಲಿರುವ ಒಬ್ಬರಿಗೆ ಕಳಿಸಿ. ಒಂದೇ ಮಾಡಿನ ಕೆಳಗೆ ಎರಡು ಪ್ರತಿ ಇದ್ದರೆ ಅದು ಒಂದೇ ಪ್ರತಿಯ ಲೆಕ್ಕ. ಅಂಗಡಿಯಲ್ಲಿ ಟೈಪ್ ಮಾಡಿಸುವುದಾದರೆ 'ಯೂನಿಕೋಡಿನಲ್ಲಿ ಮಾಡಿಕೊಡಿ' ಎಂದು ಬಾಯಿಬಿಟ್ಟು ಕೇಳಿ. ಕಾಲು, ಅರ್ಧ, ಮುಕ್ಕಾಲನ್ನು ಗುರುತಿನಲ್ಲಿ ಬೇಡ, ಅಕ್ಷರದಲ್ಲೇ ಬರೆಯಿರಿ. ಹಳೆಯ ಸಿ.ಡಿ., ಫ್ಲಾಪಿ ಯಾವುದಾದರೂ ಬೀರುವಿನಲ್ಲಿದ್ದರೆ ಬಿಸಾಡಬೇಡಿ. ತೆಗೆದಾಗ ವಿಕಾರ ಅಕ್ಷರ ಕಂಡರೆ ಹೆದರಬೇಡಿ, ಓದುಬಲ್ಲ ಮಕ್ಕಳ ಕೈಗೆ ಕೊಡಿ. ಮತ್ತೆ ಆ ಮಕ್ಕಳು ನಾಲ್ಕಾರು ಕಡೆ ಪಟ್ಟಿ ಬರೆದು ನಾಲ್ಕೂ ಕಡೆ ಕಳೆದುಕೊಳ್ಳುತ್ತಿದ್ದರೆ ಬೈಯಬೇಡಿ. ಮನೆಯ ಲೆಕ್ಕದ ಡೈರಿ ಒಂದನ್ನು ಎದುರಿಗಿಡಿ, ಸಾಕು.

ಮೊನ್ನೆ ಅಡುಗೆಮನೆಯಲ್ಲಿ ಮಾವಿನಕಾಯಿ ಗೊಜ್ಜು ಮಾಡುವಾಗ ಅತ್ತೆಯ ಪುಸ್ತಕದಲ್ಲಿ ಅದು ಇಲ್ಲ ಎಂಬುದು ಗಮನಕ್ಕೆ ಬಂತು. ಅದು ನಾನು ತವರಿನಿಂದ ತಂದದ್ದು. ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು ಬಂದು ಕಂಪ್ಯೂಟರ್ ಹಾಕಿದೆ. ಅತ್ತೆಯ ಕೊನೆಯ ಸಾಲಿನ ಕೆಳಗೆ ತಾರೀಕು ಹಾಕಿ ಬರೆದೆ. ಬೆಲ್ಲ, ಅರ್ಧ ಅಚ್ಚು. ಅಕ್ಷರದಲ್ಲೇ ಬರೆದಿದ್ದೇನೆ.